ಕಲ್ಲು ಒಡೆದ ಮೇಲೆ

ಮೂತ್ರಪಿಂಡದ ಕಲ್ಲಿಗೆ ಶಾಕ್ ವೇವ್ ಚಿಕಿತ್ಸೆ (ಹೊರಗಿನಿಂದ ಒತ್ತಡದ ಅಲೆ ಹಾಯಿಸಿ ಕಲ್ಲು ಒಡೆಯುವುದು) ಮಾಡಿಸಿಕೊಂಡು ಮನೆಗೆ ಬಂದವರನ್ನು ನೆಂಟರಿಷ್ಟರು ಮೊದಲು ಕೇಳುವುದು ‘ಕಲ್ಲು ಹೋಯಿತಾ?’ ಎಂದು. ಅಪೆಂಡಿಕ್ಸ್, ಹರ್ನಿಯಾ, ಕಣ್ಣಿನ ಪೊರೆ ಇಂಥವುಗಳಲ್ಲಿ ಆಸ್ಪತ್ರೆಯಿಂದ ಹೊರಬೀಳುವ ಹೊತ್ತಿಗೇ ಈ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ. ತೆಗೆಯಬೇಕಾದದ್ದನ್ನು ತೆಗೆದಿರುತ್ತಾರೆ, ಕೆಲವರು ಅದನ್ನು ಬಾಟಲಿಯಲ್ಲಿ ಹಾಕಿ ತೋರಿಸಿಯೂ ಇರುತ್ತಾರೆ. ಇಲ್ಲಿ ಮಾತ್ರ ಆ ದಿನ ರೋಗಿಗೂ ಉತ್ತರ ಗೊತ್ತಿರುವುದಿಲ್ಲ, ವೈದ್ಯರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ‘ಒಡೆದಿದ್ದಾರೆ, ಇನ್ನು ತಾನಾಗಿ ಬರಬೇಕು’ ಎಂದು ಹೇಳಿದರೆ ಕೇಳಿದವರ ಮುಖದಲ್ಲಿ ಒಂದು ಅನುಮಾನ ಸುಳಿಯುತ್ತದೆ: ಹಾಗಾದರೆ ದುಡ್ಡು ಕೊಟ್ಟು ಅರ್ಧ ಕೆಲಸ ಮಾಡಿಸಿಕೊಂಡು ಬಂದಿರಾ? ನಮ್ಮ ಭಾವನವರ ಚಿಕಿತ್ಸೆಯ ಕಾಲದಲ್ಲಿ ಈ ಮುಖಭಾವವನ್ನು ಹಲವರಲ್ಲಿ ಕಂಡೆ. ಚಿಕಿತ್ಸೆಯ ಕುರಿತು ನಮಗಿರುವ ನಿರೀಕ್ಷೆಯಲ್ಲಿಯೇ ಏನೋ ತೊಡಕಿದೆ ಎಂದು ನನಗೆ ಅನ್ನಿಸತೊಡಗಿದ್ದು ಆಗಲೇ.

ಭಾವ ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಮುದ್ರಣಾಲಯ ನಡೆಸುತ್ತಾರೆ. ಮದುವೆಯ ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಂಘಗಳ ವಾರ್ಷಿಕ ವರದಿ, ಇಷ್ಟೇ ವ್ಯಾಪಾರ. ಆಫ್‌ಸೆಟ್ ಯಂತ್ರ ಓಡುತ್ತಿರುವಾಗ ಅದರ ಪಕ್ಕ ಬಿಟ್ಟು ಕದಲುವ ಜಾಯಮಾನ ಅವರದಲ್ಲ. ಬೆಳಿಗ್ಗೆ ಮನೆಯಿಂದ ತಂದ ನೀರಿನ ಬಾಟಲಿ ಸಂಜೆ ಮುಕ್ಕಾಲು ತುಂಬಿಯೇ ಹಿಂದಿರುಗುತ್ತದೆ ಎಂದು ಅಕ್ಕ ಅನೇಕ ವರ್ಷಗಳಿಂದ ದೂರುತ್ತಿದ್ದಳು. ಒಂದು ಮಾರ್ಚ್ ತಿಂಗಳಲ್ಲಿ ಬಲಪಕ್ಕೆಯ ನೋವು ಅವರನ್ನು ಯಂತ್ರದಿಂದ ಎಬ್ಬಿಸಿ ಆಸ್ಪತ್ರೆಗೆ ಕಳಿಸಿತು. ಸಿಟಿ ಸ್ಕ್ಯಾನ್‌ನಲ್ಲಿ ಕಂಡದ್ದು, ಮೂತ್ರಪಿಂಡದಿಂದ ಮೂತ್ರನಾಳ ಹೊರಡುವ ಆಲಿಕೆಯ ಜಾಗದಲ್ಲಿ ಕೂತಿದ್ದ 14 ಮಿಲಿಮೀಟರ್ ಕಲ್ಲು.

ಆ ಅಳತೆಯ ಕಲ್ಲಿಗೆ ಎರಡು ದಾರಿಗಳಿದ್ದವು. ಮೂತ್ರದ್ವಾರದ ಮೂಲಕವೇ ಸಪೂರವಾದ ಅಂತರ್ದರ್ಶಕವನ್ನು (ಎಂಡೋಸ್ಕೋಪ್) ಮೇಲಕ್ಕೆ ಏರಿಸಿ ಲೇಸರ್‌ನಿಂದ ಪುಡಿ ಮಾಡುವುದು ಒಂದು. ಹೊರಗಿನಿಂದ ಶಾಕ್ ವೇವ್ ಕೊಡುವುದು ಇನ್ನೊಂದು. ಮೈಯೊಳಗೆ ಏನನ್ನೂ ತೂರಿಸುವುದಿಲ್ಲ, ಅರಿವಳಿಕೆ ಬೇಡ, ಸಂಜೆಗೆ ಮನೆಗೆ ಹೋಗಬಹುದು ಎಂಬ ಕಾರಣಕ್ಕೆ ಭಾವ ಎರಡನೆಯದನ್ನು ಆರಿಸಿಕೊಂಡರು. ಅದು ಸಂಪೂರ್ಣ ಅವರ ನಿರ್ಧಾರ. ಯಂತ್ರದ ಹೆಸರು ಕೇಳಿದರೆ ಅವರಿಗೆ ಮೊದಲಿನಿಂದಲೂ ಒಂದು ನಂಬಿಕೆ.

ಯಂತ್ರದ ಕೋಣೆ

ಆ ಕೋಣೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ, ಸೀಸದ ಗಾಜಿನ ಈಚೆ ನಿಂತು ನೋಡಲು ನನಗೆ ಅನುಮತಿ ಸಿಕ್ಕಿತ್ತು. ಮೇಜಿನಲ್ಲಿ ಸೊಂಟದ ಭಾಗಕ್ಕೆ ಒಂದು ತೆರಪು. ಆ ತೆರಪಿನ ಕೆಳಗಿನಿಂದ ಮೇಲೆದ್ದು ಪಕ್ಕೆಗೆ ಒತ್ತಿಕೊಳ್ಳುವ, ನೀರು ತುಂಬಿದ ರಬ್ಬರ್ ದಿಂಬು. ತಂತ್ರಜ್ಞ ಹಾಸನದ ಕಡೆಯ ಹುಡುಗ. ದಿಂಬಿನ ನಡುವೆ ಒಂದು ಹಿಡಿಯಷ್ಟು ಜೆಲ್ ಸುರಿದವನು ಅದನ್ನು ಕೈಯಿಂದ ಸವರಲಿಲ್ಲ. ಮೈಯ ಭಾರಕ್ಕೆ ಅದು ತಾನಾಗಿ ಹರಡಲಿ ಎಂದು ಬಿಟ್ಟ. ಏಕೆಂದು ಕೇಳಿದೆ. ‘ಸವರಿದ್ರೆ ಗಾಳಿಗುಳ್ಳೆ ಸೇರ್ಕೊಳತ್ತೆ ಸರ್. ಗಾಳಿ ಇದ್ರೆ ಅಲೆ ಅಲ್ಲೇ ನಿಂತುಬಿಡತ್ತೆ, ಕಲ್ಲಿನವರೆಗೂ ಹೋಗೋದೇ ಇಲ್ಲ’ ಎಂದ. ಕೋಟಿಗಳ ಲೆಕ್ಕದಲ್ಲಿ ಬೆಲೆಯಿರುವ ಯಂತ್ರದ ಫಲ, ಜೆಲ್ ಹಚ್ಚುವ ಹುಡುಗನ ತಾಳ್ಮೆಯ ಮೇಲೆ ಇಷ್ಟೊಂದು ನಿಂತಿದೆಯೆಂದು ನಾನು ಎಣಿಸಿರಲಿಲ್ಲ.

ಆಮೇಲೆ ಸದ್ದು ಶುರುವಾಯಿತು. ಕ್ಷಣಕ್ಕೊಂದು ಒಣ ‘ಟಕ್’, ಮತ್ತೊಂದು ‘ಟಕ್’. ಮೊದಮೊದಲು ಕಡಿಮೆ ಬಲದಲ್ಲಿ, ನಿಧಾನವಾಗಿ ಏರಿಸುತ್ತಾ. ಹೀಗೆ ಮೆಲ್ಲನೆ ಏರಿಸುವುದು ನೋವು ಒಗ್ಗಲಿ ಎಂಬುದಕ್ಕೆ ಮಾತ್ರವಲ್ಲ. ಮೊದಲ ಹಗುರ ಹೊಡೆತಗಳಿಗೆ ಮೂತ್ರಪಿಂಡದ ರಕ್ತನಾಳಗಳು ಕುಗ್ಗಿಕೊಂಡು ಮುಂದಿನ ಹೊಡೆತಗಳಿಂದ ಅಂಗಕ್ಕೆ ಆಗಬಹುದಾದ ಗಾಯ ಕಡಿಮೆಯಾಗುತ್ತದೆ. ನಿಮಿಷಕ್ಕೆ 60ರಂತೆ 3000 ಹೊಡೆತ, ಎಂದರೆ 50 ನಿಮಿಷ. ಯಂತ್ರ ನಿಮಿಷಕ್ಕೆ 120ನ್ನೂ ಕೊಡಬಲ್ಲದು. ಅರ್ಧ ಸಮಯದಲ್ಲಿ ಮುಗಿಯುತ್ತದೆ. ಆದರೆ ವೇಗ ಹೆಚ್ಚಿದಷ್ಟೂ ಕಲ್ಲು ಒಡೆಯುವುದು ಕಡಿಮೆ. ಪ್ರತಿ ಹೊಡೆತವೂ ಕಲ್ಲಿನ ಸುತ್ತಲಿನ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸುತ್ತದೆ, ಅವು ಅಡಗುವುದಕ್ಕೆ ಮೊದಲೇ ಮುಂದಿನ ಅಲೆ ಬಂದರೆ ಗುಳ್ಳೆಗಳೇ ಅದನ್ನು ತಡೆಯುತ್ತವೆ. ಅವಸರಕ್ಕೆ ಭೌತಶಾಸ್ತ್ರವೇ ದಂಡ ವಿಧಿಸುವ ಚಿಕಿತ್ಸೆ ಇದು.

ಭಾವನವರಿಗೆ ನೋವಿನ ಇಂಜೆಕ್ಷನ್ ಮಾತ್ರ ಕೊಟ್ಟಿದ್ದರು, ಎಚ್ಚರವಾಗಿದ್ದರು. ಪರದೆಯ ಮೇಲೆ ಕಲ್ಲಿನ ಬಿಳಿಯ ನೆರಳು ಉಸಿರಿನೊಡನೆ ಮೇಲಕ್ಕೂ ಕೆಳಕ್ಕೂ ಸರಿಯುತ್ತಿತ್ತು, ಗುರಿಯ ಗೆರೆಗಳು ಇದ್ದಲ್ಲೇ ಇದ್ದವು. ಮೂತ್ರಪಿಂಡ ಪ್ರತಿ ಉಸಿರಿಗೂ ಒಂದೆರಡು ಸೆಂಟಿಮೀಟರ್ ಜರುಗುತ್ತದೆ. ಆದ್ದರಿಂದ 3000 ಹೊಡೆತಗಳಲ್ಲಿ ಗಣನೀಯ ಪಾಲು ಕಲ್ಲನ್ನು ತಪ್ಪಿಸಿಕೊಂಡೇ ಹೋಗುತ್ತದೆ. ‘ಉಸಿರು ಮೆಲ್ಲಗೆ ಬಿಡಿ ಸರ್, ಜೋರಾಗಿ ಎಳ್ಕೋಬೇಡಿ’ ಎಂದು ಹುಡುಗ ಆಗಾಗ ಹೇಳುತ್ತಿದ್ದ. ಮುದ್ರಣವಾದ ಹಾಳೆಗಳನ್ನು ಎಣಿಸುವ ಅಭ್ಯಾಸದಂತೆ ಭಾವ ಹೊಡೆತಗಳನ್ನೂ ಎಣಿಸುತ್ತಾ ಮಲಗಿದ್ದರಂತೆ. ನಡುವೆ ಎಲ್ಲೋ ಲೆಕ್ಕ ತಪ್ಪಿದ್ದಕ್ಕೆ ಅವರಿಗೆ ನೋವಿಗಿಂತ ಹೆಚ್ಚು ಬೇಸರ.

ಇಷ್ಟಕ್ಕೂ ಮೈಗೆ ಏನೂ ಆಗದೆ ಒಳಗಿನ ಕಲ್ಲು ಮಾತ್ರ ಒಡೆಯುವುದು ಹೇಗೆ? ನಮ್ಮ ಮೃದು ಅಂಗಾಂಶಗಳಲ್ಲಿ ಬಹುಪಾಲು ನೀರೇ ಇರುವುದರಿಂದ, ನೀರಿನಲ್ಲಿ ಹುಟ್ಟಿದ ಒತ್ತಡದ ಅಲೆ ಚರ್ಮ, ಮಾಂಸಗಳನ್ನು ಹೆಚ್ಚಿನ ಅಡ್ಡಿಯಿಲ್ಲದೆ ದಾಟುತ್ತದೆ. ಅಗಲವಾಗಿ ಹೊರಟು ಕಲ್ಲಿರುವ ಬಿಂದುವಿನಲ್ಲಿ ಕೂಡಿಕೊಳ್ಳುವಂತೆ ಅದನ್ನು ಬಾಗಿಸಿರುತ್ತಾರೆ. ಆ ಬಿಂದುವಿನಲ್ಲಿ ಒತ್ತಡವು ವಾತಾವರಣದ ಒತ್ತಡದ ನೂರಾರು ಪಟ್ಟು ಏರಿ, ಸೆಕೆಂಡಿನ ದಶಲಕ್ಷದಲ್ಲಿ ಕೆಲವೇ ಭಾಗದ ಅವಧಿಯಲ್ಲಿ ಇಳಿಯುತ್ತದೆ. ಕಲ್ಲಿನೊಳಗೆ ಹೊಕ್ಕ ಅಲೆ ಅದರ ಹಿಂಬದಿಗೆ ತಾಗಿ ಮರಳುವಾಗ ಒತ್ತುವ ಬದಲು ಎಳೆಯತೊಡಗುತ್ತದೆ. ಕಲ್ಲು ಒತ್ತಡವನ್ನು ತಡೆದುಕೊಂಡಷ್ಟು ಎಳೆತವನ್ನು ತಡೆದುಕೊಳ್ಳಲಾರದು. ಹೊರಗೆ ಎದ್ದ ಗುಳ್ಳೆಗಳು ಕುಸಿಯುತ್ತಾ ಅದರ ಮೈಯನ್ನು ಕೊರೆಯುತ್ತವೆ. ಯಾವುದೋ ಒಂದು ಹೊಡೆತಕ್ಕೆ ಅದು ಒಡೆಯಿತು ಎನ್ನುವಂತಿಲ್ಲ. ಬೆಂಗಳೂರಿನ ಸುತ್ತಲಿನ ಬಂಡೆಗಳಲ್ಲಿ ಕಲ್ಲು ಕೆಲಸದವರು ಸಾಲಾಗಿ ಬೆಣೆ ಇಟ್ಟು ಒಂದೊಂದಕ್ಕೂ ಸರದಿಯಂತೆ ಸುತ್ತಿಗೆ ಹಾಕುತ್ತಾ ಹೋಗುತ್ತಾರೆ; ಬಹಳ ಹೊತ್ತು ಏನೂ ಆದಂತೆ ಕಾಣದು, ಆದರೆ ಒಳಗೆ ಬಿರುಕು ಕೂಡುತ್ತಲೇ ಇರುತ್ತದೆ. ಇಲ್ಲಿಯೂ ಅದೇ ಲೆಕ್ಕ.

ವಿಮಾನದವರ ಸುತ್ತಿಗೆ

ಇದನ್ನು ಹುಟ್ಟುಹಾಕಿದವರು ವಿಮಾನ ಕಟ್ಟುವವರು. ಏರೋ ಇಂಡಿಯಾ ನೋಡಲು ಯಲಹಂಕಕ್ಕೆ ಹೋಗಿ ಬಂದವರಿಗೆ ಡಾರ್ನಿಯರ್ ಎಂಬ ಹೆಸರು ಹೊಸದಲ್ಲ. ಆ ಹೆಸರಿನ ಸಣ್ಣ ವಿಮಾನವನ್ನು ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುತ್ತದೆ. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದಾಗ ಲೋಹದಲ್ಲಿ ಏನಾಗುತ್ತದೆಂದು ಜರ್ಮನಿಯ ಆ ಕಂಪನಿಯ ಎಂಜಿನಿಯರುಗಳು ಅಧ್ಯಯನ ಮಾಡುತ್ತಿದ್ದರು. ಅಲೆ ಹೊರಮೈಯನ್ನು ಬಿಟ್ಟು ದೂರದಲ್ಲೆಲ್ಲೋ ಹಾನಿ ಮಾಡಬಲ್ಲದು ಎಂಬ ತಿಳಿವಳಿಕೆ ಅಲ್ಲಿಂದ ಬಂತು. ಮ್ಯೂನಿಕ್‌ನ ವೈದ್ಯರ ಜೊತೆ ಸೇರಿ ಅದನ್ನು ಕಲ್ಲಿನ ಮೇಲೆ ಪ್ರಯೋಗಿಸಿದರು. 1980ರ ಫೆಬ್ರವರಿಯಲ್ಲಿ ಕ್ರಿಸ್ಟಿಯಾನ್ ಶೌಸಿ ಮತ್ತು ಸಂಗಡಿಗರು ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟರು. 1984ರ ಕೊನೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಮೂತ್ರಪಿಂಡದ ದೊಡ್ಡ ಕಲ್ಲು ಎಂದರೆ ಬಹುತೇಕ ಪಕ್ಕೆಯಲ್ಲಿ ಉದ್ದನೆಯ ಕೊಯ್ತ, ವಾರಗಟ್ಟಲೆ ಹಾಸಿಗೆ.

ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲಿನ ಕಥೆ. ಆ ಮೊದಲ ತಲೆಮಾರಿನ ಎಚ್‌ಎಂ3 ಯಂತ್ರದಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು, ಕುರ್ಚಿಯಂಥ ಚೌಕಟ್ಟಿನಲ್ಲಿ ಕೂರಿಸಿ, ನೀರಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ಹೃದಯದ ಬಡಿತ ನೋಡಿಕೊಂಡು, ನೀರಿನಲ್ಲಿ ಅಲೆ ಎಬ್ಬಿಸುವ ವಿದ್ಯುತ್ ಕಿಡಿ ಹಾರಿಸುತ್ತಿದ್ದರು. ಬಳಿಕ ಬಂದ ಯಂತ್ರಗಳಲ್ಲಿ ತೊಟ್ಟಿ ಹೋಗಿ ದಿಂಬು ಬಂತು, ಅಲೆ ಕೂಡುವ ಜಾಗ ಕಿರಿದಾಯಿತು, ನೋವು ಕಡಿಮೆಯಾಯಿತು, ಅರಿವಳಿಕೆಯಿಲ್ಲದೆ ಕೆಲಸ ನಡೆಯುವಂತಾಯಿತು. ಕಲ್ಲು ಒಡೆಯುವ ಸಾಮರ್ಥ್ಯ ಮಾತ್ರ ಹೆಚ್ಚಲಿಲ್ಲ. ಇಂದಿಗೂ ಹೊಸ ಯಂತ್ರಗಳನ್ನು ಆ ಹಳೆಯ ತೊಟ್ಟಿಗೆ ಹೋಲಿಸಿಯೇ ಅಳೆಯುತ್ತಾರೆ, ಹಲವು ಅದರ ಮಟ್ಟವನ್ನು ಮುಟ್ಟಿಲ್ಲ. ಅಗಲವಾದ ಗುರಿಯಿದ್ದಾಗ ಉಸಿರಿಗೆ ಜರುಗುವ ಕಲ್ಲೂ ಅದರೊಳಗೇ ಉಳಿಯುತ್ತಿತ್ತು. ನಾವು ಸೌಕರ್ಯವನ್ನು ಕೇಳಿದೆವು, ಸೌಕರ್ಯ ಸಿಕ್ಕಿತು. ಅದರ ಬೆಲೆಯನ್ನು ಈಗ ಚಿಕಿತ್ಸೆಯ ಮೇಲೆ ಹೊರಿಸುತ್ತಿದ್ದೇವೆ.

ಗುರುತು ಮಾಡಿದ ಜರಡಿ

ಮೊದಲ ದಿನ ಮೂತ್ರ ಕೆಂಪಗೆ ಬಂತು, ಪಕ್ಕೆಯ ಚರ್ಮದ ಮೇಲೆ ಅಂಗೈಯಗಲ ಕಂದಿತು. ಎರಡೂ ಆಗುವಂಥವೇ ಎಂದು ಮುಂಚಿತವಾಗಿ ಹೇಳಿದ್ದರು. ನಿಜವಾದ ಕೆಲಸ ಶುರುವಾದದ್ದು ಮನೆಯಲ್ಲಿ. ಚೂರುಗಳನ್ನು ಹಿಡಿದು ಪರೀಕ್ಷೆಗೆ ತರಬೇಕೆಂದು ವೈದ್ಯರು ಹೇಳಿದ್ದರಿಂದ ಅಕ್ಕ ಗಾಂಧಿಬಜಾರಿನಿಂದ ಹೊಸ ಟೀ ಜರಡಿಯೊಂದನ್ನು ತಂದು, ಅಡುಗೆಮನೆಯ ಜರಡಿಗಳ ಜೊತೆ ಎಂದೂ ಬೆರೆಯದಿರಲೆಂದು ಅದರ ಹಿಡಿಗೆ ಉಗುರುಬಣ್ಣದಿಂದ ಕೆಂಪು ಪಟ್ಟೆ ಎಳೆದಳು. ಅಷ್ಟು ಸಾಲದೆ, ಬಚ್ಚಲುಮನೆಯ ಗೂಡಿನಿಂದ ಅದು ಕದಲಕೂಡದೆಂದು ದಾರದಿಂದ ಕಟ್ಟಿದಳು. ಭಾವ ಪ್ರತಿ ಸಲವೂ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೊದಲು ಬಂದದ್ದು ಬರೀ ಹುಡಿ. ಆಮೇಲೆ ಕಂದು ಬಣ್ಣದ, ಒಂದು ಮೂಲೆ ಚೂಪಾದ ಚೂರುಗಳು. ಉಗುರಿನಿಂದ ಒತ್ತಿದರೂ ಪುಡಿಯಾಗದಷ್ಟು ಗಟ್ಟಿ. ಅವನ್ನು ಹಳೆಯ ಮಾತ್ರೆ ಡಬ್ಬಿಯಲ್ಲಿ ಕೂಡಿಟ್ಟು, ಬಂದವರಿಗೆ ತೋರಿಸುತ್ತಿದ್ದರು. ಕೇಳುವವರಿಗೆ ಉತ್ತರವಾಗಿ ಅವರ ಬಳಿ ಇದ್ದದ್ದು ಅಷ್ಟೇ.

ಅದೇ ಹೊತ್ತಿಗೆ ಬಾಳೆದಿಂಡಿನ ರಸ ಶುರುವಾಯಿತು. ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆಯೇ ಲೋಟ ತಂದಿಡುತ್ತಿದ್ದರು, ಹುರುಳಿಕಟ್ಟಿನ ಸಾರು ವಾರದಲ್ಲಿ ಹಲವು ಬಾರಿ ಆಗುತ್ತಿತ್ತು. ನಮ್ಮ ವೈದ್ಯರು ಬೇಡವೆನ್ನಲಿಲ್ಲ. ‘ಕುಡೀಲಿ, ನೀರಿನ ಲೆಕ್ಕಕ್ಕೆ ಸೇರತ್ತೆ. ಆದ್ರೆ 14 ಮಿಲಿಮೀಟರ್ ಕಲ್ಲನ್ನ ಅದು ಕರಗಿಸಿತು ಅಂತ ಯಾರಿಗೂ ಹೇಳ್ಬೇಡಿ’ ಎಂದು ನಕ್ಕರು. ಕೊಳವೆಬಾವಿಯ ಗಡಸು ನೀರಿನಿಂದಲೇ ಬೆಂಗಳೂರಿನಲ್ಲಿ ಎಲ್ಲರಿಗೂ ಕಲ್ಲು ಎಂಬ ಅಕ್ಕನ ವಾದವನ್ನೂ ಅವರು ಒಪ್ಪಲಿಲ್ಲ. ಕಾವೇರಿಯೋ ಕೊಳವೆಬಾವಿಯೋ ಎಂಬುದಕ್ಕಿಂತ ಎಷ್ಟು ಕುಡಿಯುತ್ತೀರಿ ಎಂಬುದು ಮುಖ್ಯ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೊರಗೆ ಹೋಗುವಷ್ಟು ಕುಡಿಯಬೇಕು, ಉಪ್ಪು ತಗ್ಗಿಸಬೇಕು, ಹಾಲು ಮೊಸರು ಬಿಡಬಾರದು. ಚೂರುಗಳ ವರದಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂದಿದ್ದನ್ನು ನೋಡಿ ಅಕ್ಕ ಹಾಲನ್ನೇ ನಿಲ್ಲಿಸಲು ಹೊರಟಿದ್ದಳು. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಗೆ ಒಯ್ಯುವುದರಿಂದ ಅದು ತಿರುಗುಬಾಣವಾಗುತ್ತಿತ್ತು.

ಕೆಲವು ದಿನ ನೆಮ್ಮದಿಯಾಗಿ ಕಳೆದ ಮೇಲೆ ಒಂದು ರಾತ್ರಿ ನೋವು ಮರಳಿತು. ಈ ಬಾರಿ ಪಕ್ಕೆಯಲ್ಲಲ್ಲ. ಕಿಬ್ಬೊಟ್ಟೆಗೆ, ಅಲ್ಲಿಂದ ತೊಡೆಸಂದಿಗೆ. ಭಾವ ನೆಲದ ಮೇಲೆ ಮಂಡಿಯೂರಿ ಮಂಚಕ್ಕೆ ಹಣೆ ಒತ್ತಿಕೊಂಡಿದ್ದರು, ಯಾವ ಭಂಗಿಯೂ ಅವರಿಗೆ ಸಮಾಧಾನ ಕೊಡುತ್ತಿರಲಿಲ್ಲ. ಜ್ವರವಿದೆಯೇ, ಚಳಿ ಬಂತೇ ಎಂದು ಫೋನಿನಲ್ಲಿ ವೈದ್ಯರು ಎರಡೆರಡು ಬಾರಿ ಕೇಳಿದರು. ದಾರಿ ಕಟ್ಟಿದ ಮೂತ್ರಪಿಂಡದಲ್ಲಿ ಸೋಂಕು ಸೇರಿದರೆ ಬೆಳಗಿನವರೆಗೆ ಕಾಯುವಂತಿಲ್ಲ, ಆ ರಾತ್ರಿಯೇ ಮೂತ್ರಕ್ಕೆ ಬೇರೆ ದಾರಿ ಮಾಡಿಕೊಡಬೇಕಾಗುತ್ತದೆ. ಜ್ವರವಿರಲಿಲ್ಲ. ಬೆಳಿಗ್ಗೆ ತೆಗೆದ ಎಕ್ಸ್‌ರೇಯಲ್ಲಿ ಮೂತ್ರನಾಳದ ಕೆಳತುದಿಯಲ್ಲಿ ಚೂರುಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತಿದ್ದವು. ವೈದ್ಯರು ಇದಕ್ಕೆ ಸ್ಟೈನ್‌ಸ್ಟ್ರಾಸೆ, ಎಂದರೆ ‘ಕಲ್ಲಿನ ಬೀದಿ’, ಎಂಬ ಜರ್ಮನ್ ಹೆಸರನ್ನೇ ಬಳಸುತ್ತಾರೆ. ಮೂತ್ರನಾಳದ ಒಳಹರವು ಮೂರು ನಾಲ್ಕು ಮಿಲಿಮೀಟರ್ ಮಾತ್ರ. ಅದು ಮೂತ್ರಕೋಶವನ್ನು ಹೊಗುವ ಜಾಗ ಇನ್ನೂ ಇಕ್ಕಟ್ಟು. ಅಲ್ಲಿ ಮುಂದಿನ ಚೂರು ಸಿಕ್ಕಿಕೊಂಡರೆ ಹಿಂದಿನವೆಲ್ಲ ನಿಲ್ಲುತ್ತವೆ. ಕೆಲವರಲ್ಲಿ ಇದು ನೋವೇ ಇಲ್ಲದೆ ನಡೆದು, ಹಿಂದೆ ಮೂತ್ರಪಿಂಡ ಸದ್ದಿಲ್ಲದೆ ಊದಿಕೊಳ್ಳುತ್ತದೆ. ನೋವು ಹೋಯಿತೆಂದು ಮರುಪರೀಕ್ಷೆಗೆ ಹೋಗದವರು ಅಪಾಯಕ್ಕೆ ಸಿಲುಕುವುದು ಇಲ್ಲಿಯೇ.

ಮೂತ್ರನಾಳದ ಸ್ನಾಯುವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟು ಕೆಲವು ದಿನ ಕಾದರು. ಹುಡಿ ಬಂತು, ಸಾಲಿನ ಮುಂದಿದ್ದ ಚೂರು ಕದಲಲಿಲ್ಲ. ಕೊನೆಗೆ ಭಾವನವರನ್ನು ಅದೇ ಮೇಜಿನ ಮೇಲೆ ಬೋರಲು ಮಲಗಿಸಿ ಆ ಒಂದು ಚೂರಿಗೆ ಗುರಿಯಿಟ್ಟು ಮತ್ತೊಮ್ಮೆ ಶಾಕ್ ವೇವ್ ಕೊಟ್ಟರು. ಅದು ಸಡಿಲವಾದ ಮೇಲೆ ಹಿಂದಿನವು ತಾವಾಗಿ ಬಂದವು. ಅಕ್ಕ ಜರಡಿಯನ್ನು ಬಿಸಾಡಿದ್ದು, ಮುಂದಿನ ತಿಂಗಳ ಎಕ್ಸ್‌ರೇ ನೋಡಿ ವೈದ್ಯರು ತಲೆಯಾಡಿಸಿದ ಮೇಲೆ.

‘ಒಂದೇ ಸಲಕ್ಕೆ’

ಈ ಕಥೆ ಕೇಳಿದವರಲ್ಲಿ ಹೆಚ್ಚಿನವರು ‘ಲೇಸರ್ ಮಾಡಿಸಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು’ ಎನ್ನುತ್ತಾರೆ. ಮೇಲ್ನೋಟಕ್ಕೆ ನಿಜ. ಒಂದೇ ಬಾರಿಗೆ ಕಲ್ಲಿನಿಂದ ಮುಕ್ತರಾಗುವ ಸಾಧ್ಯತೆ ಲೇಸರ್‌ನಲ್ಲಿ ಹೆಚ್ಚು, ಹಾಗಾಗಿಯೇ ಅನೇಕ ದೇಶಗಳಲ್ಲಿ ಅದು ಶಾಕ್ ವೇವ್‌ನ್ನು ಹಿಂದಿಕ್ಕಿದೆ. ಬೆಂಗಳೂರಿನ ಮೇಲುಸೇತುವೆಗಳ ಪಕ್ಕದ ಫಲಕಗಳಲ್ಲಿ ನನ್ನ ಕಣ್ಣಿಗೆ ಬೀಳುವುದೂ ಲೇಸರೇ. ಆದರೆ ಲೇಸರ್ ಆದ ಬಳಿಕ ಬಹಳಷ್ಟು ಸಲ ಮೂತ್ರನಾಳದೊಳಗೆ ಡಿಜೆ ಸ್ಟೆಂಟ್ ಎಂಬ ಸಪೂರ ಕೊಳವೆಯನ್ನು ಬಿಟ್ಟಿರುತ್ತಾರೆ. ಅದು ಇರುವಷ್ಟು ದಿನ ಗಳಿಗೆಗೊಮ್ಮೆ ಮೂತ್ರದ ಅವಸರ, ಉರಿ, ಸೊಂಟದಲ್ಲಿ ಸೆಳೆತ. ತೆಗೆಸಲು ಮತ್ತೆ ಹೋಗಬೇಕು. ತೆಗೆಸುವುದನ್ನು ಮರೆತರೆ ಆ ಕೊಳವೆಯ ಮೇಲೆಯೇ ಕಲ್ಲು ಕಟ್ಟುತ್ತದೆ. ‘ಒಂದೇ ಸಲ’ ಎಂಬ ಲೆಕ್ಕದಲ್ಲಿ ಇವನ್ನು ಯಾರೂ ಸೇರಿಸುವುದಿಲ್ಲ.

ಶಾಕ್ ವೇವ್ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದೂ ಅಷ್ಟೇ ನಿಜ. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆಯಿರುವವರಿಗೆ, ಮೂತ್ರದ ಸೋಂಕು ಗುಣವಾಗದವರಿಗೆ ಮಾಡುವುದಿಲ್ಲ. 20 ಮಿಲಿಮೀಟರ್ ಮೀರಿದ ಕಲ್ಲಿಗೆ ಬೆನ್ನಿನಿಂದ ಸಣ್ಣ ರಂಧ್ರ ಮಾಡಿ ತೆಗೆಯುವುದೇ ಲೇಸು. ಸಿಟಿ ಸ್ಕ್ಯಾನ್‌ನಲ್ಲಿ ಕಲ್ಲಿನ ಸಾಂದ್ರತೆ 1000 ಹೌನ್ಸ್‌ಫೀಲ್ಡ್ ಯೂನಿಟ್ ದಾಟಿದರೆ ಅಥವಾ ಚರ್ಮದಿಂದ ಕಲ್ಲಿಗಿರುವ ದೂರ 10 ಸೆಂಟಿಮೀಟರ್ ದಾಟಿದರೆ ಅಲೆ ಸೋಲುವ ಸಾಧ್ಯತೆ ಹೆಚ್ಚು. ಮೂತ್ರಪಿಂಡದ ಕೆಳಮೂಲೆಯ ಕಲ್ಲು ಒಡೆದರೂ ಚೂರುಗಳು ಮೇಲೇರಿ ಹೊರಗೆ ಬರಬೇಕು. ಇಂಥ ಲೆಕ್ಕ ಹಾಕಿ ಸರಿಯಾದ ಕಲ್ಲನ್ನು ಆರಿಸಿಕೊಂಡಾಗ, ಕೆಲವು ವಾರ ಕಾಯಲು ರೋಗಿ ಸಿದ್ಧನಿದ್ದಾಗ, ಇಷ್ಟು ಕಡಿಮೆ ಗಾಯ ಮಾಡುವ ಬೇರೆ ಉಪಾಯವನ್ನು ನಾನು ಕಾಣೆ. ನನ್ನ ಆಕ್ಷೇಪವೇನಿದ್ದರೂ ಕಾಯುವ ಭಾಗವನ್ನು ವಿವರಿಸದೆ, ಒಡೆಯುವ ಭಾಗವನ್ನಷ್ಟೇ ಚಿಕಿತ್ಸೆಯೆಂದು ಮಾರುವವರ ಬಗ್ಗೆ. ಅಂದು ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಹೆಸರಿತ್ತು, ಬಿಲ್ಲಿನ ವಿವರವಿತ್ತು. ಚೂರುಗಳು ಸಾಲುಗಟ್ಟಬಹುದು, ಜ್ವರ ಬಂದರೆ ಒಡನೆ ಓಡಿ ಬರಬೇಕು ಎಂಬ ಎರಡು ಸಾಲು ಇರಲಿಲ್ಲ. ಅವು ಬಾಯಿಮಾತಿನಲ್ಲಿ, ನಾವು ಕೇಳಿದ ಮೇಲೆ ಬಂದವು.

ಅಳಿಯನ ಸರದಿ

ಕಲ್ಲಿನ ತೊಂದರೆ ಮನೆತನದಲ್ಲಿ ಹರಿಯುವುದುಂಟು, ಒಮ್ಮೆ ಆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷದೊಳಗೆ ಮತ್ತೆ ಆಗುವುದೂ ಉಂಟು. ಭಾವ ಈಗ ಯಂತ್ರದ ಪಕ್ಕದಲ್ಲಿಯೇ ತಾಮ್ರದ ತಂಬಿಗೆ ಇಟ್ಟುಕೊಂಡಿದ್ದಾರೆ. ಈ ವರ್ಷ ಕಲ್ಲು ಕಂಡದ್ದು ಅವರ ಮಗನಿಗೆ. ಹನುಮಂತನಗರದಿಂದ ಮಾರತ್ತಹಳ್ಳಿಯ ಕಚೇರಿಗೆ ಹೋಗುವ ಅವನು, ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡರೆ ಇಳಿಯಲು ಜಾಗವಿಲ್ಲವೆಂದು ಬೆಳಿಗ್ಗೆ ನೀರನ್ನೇ ಮುಟ್ಟುತ್ತಿರಲಿಲ್ಲ. ಭಾವ ತಮ್ಮ ಅನುಭವದ ಬಲದಿಂದ ‘ಶಾಕ್ ವೇವ್ ಮಾಡಿಸ್ಕೊಳಪ್ಪ, ನಾನಿದ್ದೀನಲ್ಲ, ಎಲ್ಲಾ ಹೇಳ್ಕೊಡ್ತೀನಿ’ ಎಂದು ಹೊರಟರು. ಆದರೆ ಅಳಿಯನ ಕಲ್ಲು ಮೂತ್ರಪಿಂಡದ ಕೆಳಮೂಲೆಯಲ್ಲಿತ್ತು, ಸಾಂದ್ರತೆ 1300ರ ಹತ್ತಿರ. ವೈದ್ಯರು ಮರುಮಾತಿಲ್ಲದೆ ಲೇಸರ್ ಎಂದರು. ‘ಹಾಗಾದ್ರೆ ನನ್ನ ಯಂತ್ರಕ್ಕೇನಾಗಿತ್ತು?’ ಎಂದು ಭಾವ ಕೇಳಿಯೇಬಿಟ್ಟರು. ‘ಯಂತ್ರಕ್ಕೇನೂ ಆಗಿಲ್ಲ ಸರ್, ಕಲ್ಲು ಬೇರೆ’ ಎಂದು ವೈದ್ಯರು ಎರಡೂ ಸ್ಕ್ಯಾನ್‌ಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಭಾವ ಅರೆಮನಸ್ಸಿನಿಂದ ಒಪ್ಪಿದರು.

ಸ್ಟೆಂಟ್ ತೆಗೆಯುವ ದಿನಾಂಕದ ಮಾತು ಬಂದಾಗ ಅಳಿಯ ಮೊಬೈಲ್ ತೆರೆದು, ಆ ವಾರ ಕಚೇರಿಯಲ್ಲಿ ರಿಲೀಸ್ ಇದೆ, ಒಂದೆರಡು ತಿಂಗಳು ಮುಂದೆ ಹಾಕಬಹುದೇ ಎಂದು ಕೇಳಿದ. ಆಗುವುದಿಲ್ಲವೆಂದ ವೈದ್ಯರು ಚೀಟಿಯಲ್ಲಿ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆದು, ಅವನ ನಂಬರಿನ ಕೆಳಗೆ ಅಕ್ಕನ ಫೋನ್ ನಂಬರನ್ನೂ ಬರೆಸಿಕೊಂಡರು.